ಹಳೆ ಕಾರಿನ ಕ್ರೋಮ್ ಪಟ್ಟಿ ಕಿತ್ತು ತೂತು ಮುಚ್ಚಬೇಕಾ?

ಪರ: ಮುಚ್ಚಿ, ಆದರೆ ಪುಟ್ಟಿ ಮೆತ್ತಿ ಅಲ್ಲ

ಹಳೆ ಪ್ರೀಮಿಯರ್ ಪದ್ಮಿನಿಯ ಪಕ್ಕದಲ್ಲಿ ಹೊಳೆಯುವ ಪಟ್ಟಿ ನೋಡೋಕೆ ಚೆಂದ. ಅದನ್ನು ಬಿಚ್ಚಿ ಹಿಂದೆ ಏನಿದೆ ನೋಡಿ. ಪಟ್ಟಿಯನ್ನು ಹಿಡಿದಿರುವುದು ಕ್ಲಿಪ್. ಕ್ಲಿಪ್ ಕೂತಿರುವುದು ತಗಡಿನ ತೂತಿನಲ್ಲಿ. ಮಳೆನೀರು, ಧೂಳು ಪಟ್ಟಿಯ ಹಿಂದೆ ಸೇರಿ ಅಲ್ಲೇ ಉಳಿಯುತ್ತವೆ. ಕ್ಲಿಪ್ ಅಲುಗಾಡಿ ತೂತಿನ ಅಂಚಿನ ಬಣ್ಣ ಹೋಗುತ್ತದೆ. ತುಕ್ಕು ಶುರುವಾಗುವುದೇ ಅಲ್ಲಿ.

ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ದಾಟಿದೆ. ಒಂದು ಪಟ್ಟಿ ಸೊಟ್ಟಗಾದರೆ ಅದರ ಜೋಡಿ ಸುಲಭಕ್ಕೆ ಸಿಗಲ್ಲ. ಎಡಕ್ಕೊಂದು ಥರ, ಬಲಕ್ಕೊಂದು ಥರ ಇರುವುದಕ್ಕಿಂತ ಪಟ್ಟಿಯೇ ಇಲ್ಲದ್ದು ವಾಸಿ.

ಟಿಂಕರಿಂಗ್ ಅಂಗಡಿಯಲ್ಲಿ ತೂತಿನ ಮೇಲೆ ಸುಮ್ನೆ ಪುಟ್ಟಿ ಬಳಿದು ಕಳಿಸುವವರಿದ್ದಾರೆ. ಪುಟ್ಟಿ ಹಿಂದಿನಿಂದ ತೇವ ಹೀರಿಕೊಳ್ಳುತ್ತದೆ, ಬಣ್ಣ ಗುಳ್ಳೆ ಏಳುತ್ತದೆ. ತೂತಿನ ಸುತ್ತ ಬರೀ ತಗಡು ಕಾಣುವವರೆಗೆ ಕೆರೆಸಿ. ಒಳಗಿನಿಂದ ತಾಮ್ರದ ತುಂಡು ಒತ್ತಿ ಹಿಡಿದು ಮಿಗ್ ವೆಲ್ಡಿಂಗ್‌ನ (ತಂತಿ ಕರಗಿಸಿ ಬೆಸೆಯುವ ವಿಧಾನ) ಒಂದು ಚುಕ್ಕೆ ಹಾಕಿಸಿ. ತಾಮ್ರಕ್ಕೆ ವೆಲ್ಡ್ ಅಂಟುವುದಿಲ್ಲ. ಆಮೇಲೆ ಪಕ್ಕದ ತೂತು ಬೇಡ, ದೂರದ್ದಕ್ಕೆ ಹೋಗಲಿ. ಬಿಸಿ ಒಂದೇ ಕಡೆ ಸೇರಿದರೆ ತಗಡು ಸೊಟ್ಟಗಾಗುತ್ತದೆ. ಗ್ರೈಂಡಿಂಗ್, ಎಪಾಕ್ಸಿ ಪ್ರೈಮರ್ (ಬಣ್ಣಕ್ಕೆ ಮುಂಚೆ ತುಕ್ಕು ತಡೆಯಲು ಹಚ್ಚುವ ಲೇಪ) ಆದ ಮೇಲೆ ತೆಳ್ಳಗೆ ಪುಟ್ಟಿ ಸಾಕು. ಒಳಬದಿಗೂ ಪ್ರೈಮರ್ ಬೇಕು. ಬಾಗಿಲಿನ ತಳದಲ್ಲಿ ನೀರು ಹರಿದುಹೋಗುವ ತೂತು ಮಾತ್ರ ಮುಟ್ಟಬೇಡಿ!

ವಿರೋಧ: ಪಟ್ಟಿ ಇರಲಿ, ಹಿಂದಿನ ತುಕ್ಕು ತೆಗೆಯಿರಿ

ವೆಲ್ಡಿಂಗ್ ಬಗ್ಗೆ ಹೇಳಿದ್ದೆಲ್ಲ ಸರಿ. ಅಷ್ಟು ತಾಳ್ಮೆಯಿಂದ ಮಾಡುವವರು ಎಷ್ಟು ಜನ? ಉದ್ದನೆಯ ಬಾಗಿಲಿನ ಮೇಲೆ ಚೂರು ಬಿಸಿ ಜಾಸ್ತಿಯಾದರೂ ತಗಡು ಅಲೆಯಾಗುತ್ತದೆ. ಮುಂಚೆ ಕಣ್ಣು ಪಟ್ಟಿಯ ಮೇಲೆ ನಿಲ್ಲುತ್ತಿತ್ತು, ಸಣ್ಣ ಉಬ್ಬುತಗ್ಗು ಕಾಣುತ್ತಿರಲಿಲ್ಲ. ಪಟ್ಟಿ ಹೋದರೆ ಎಲ್ಲ ಬಯಲು. ಕಪ್ಪು ಬಣ್ಣವಾದರಂತೂ ಕೇಳಲೇಬೇಡಿ.

ಅಮೆರಿಕದ ಉದಾಹರಣೆ ಕೊಡುವವರಿದ್ದಾರೆ. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರುಗಳ ರೂಪ ಬದಲಿಸಿಕೊಡುತ್ತಿದ್ದ ಬ್ಯಾರಿಸ್ ಸಹೋದರರು 1951ರ ಮರ್ಕ್ಯುರಿ ಕಾರೊಂದರ ಪಟ್ಟಿ, ಹಿಡಿಕೆ ಎಲ್ಲ ತೆಗೆದು ನುಣುಪು ಮಾಡಿದರು. ಮಾಲೀಕನ ಹೆಸರಿನಿಂದಲೇ ಹೆಸರಾಂತವಾದ ಹಿರೋಹಾಟಾ ಮರ್ಕ್ ಅದೇ. ತಮಾಷೆ ನೋಡಿ, ಕೊನೆಗೆ ಅದರ ಪಕ್ಕಕ್ಕೆ ಬ್ಯೂಯಿಕ್ ಕಾರಿನ ಪಟ್ಟಿ ತಂದು ಕೂರಿಸಿದರು. ಅಷ್ಟುದ್ದದ ಮೈಗೆ ಒಂದು ಗೆರೆ ಬೇಕು ಅಂತ ಅವರಿಗೂ ಅನ್ನಿಸಿತ್ತು, ಅಲ್ವಾ?

ನಮ್ಮಲ್ಲಿ ಇನ್ನೊಂದು ವಿಷಯ ಇದೆ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಬಾಡಿ ಶೆಲ್, ಅಂದರೆ ಕಾರಿನ ತಗಡಿನ ಮೈಕಟ್ಟು, ಬದಲಾಯಿಸಿದರೆ ಇಲ್ಲ. ನಾಲ್ಕು ತೂತು ಮುಚ್ಚಿದ ಮಾತ್ರಕ್ಕೆ ಅರ್ಜಿ ಬೀಳುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ 1970ರ ದಶಕದ ಕಾರುಗಳು ಈಗಷ್ಟೇ ಆ ವಯಸ್ಸಿಗೆ ಬಂದಿವೆ. ಈ ಹೊತ್ತಿನಲ್ಲಿ ಮೂಲ ರೂಪ ಕೆಡಿಸುವುದು ಯಾಕೆ?

ಪಟ್ಟಿ ಬಿಚ್ಚಿ. ತೂತಿನ ಅಂಚಿನ ತುಕ್ಕು ಉಜ್ಜಿ ಪ್ರೈಮರ್ ಹಚ್ಚಿ. ಹೊಸ ಕ್ಲಿಪ್‌ನ ಸುತ್ತ ನೀರು ನುಗ್ಗದಂತೆ ಸೀಲೆಂಟ್ ಹಾಕಿ ಪಟ್ಟಿಯನ್ನು ಮತ್ತೆ ಕೂರಿಸಿ. ಒಂದಿಬ್ಬರು ಹಳೆ ಮಾಲೀಕರು ರೇಡಿಯೊ ಏರಿಯಲ್‌ಗೆ, ಹೆಚ್ಚುವರಿ ಕನ್ನಡಿಗೆ ಅಂತ ಕೊರೆಸಿದ ತೂತು ಇರುತ್ತದಲ್ಲ, ಅದನ್ನು ಧಾರಾಳವಾಗಿ ವೆಲ್ಡ್ ಮಾಡಿಸಿ. ಅದಕ್ಕೆ ನನ್ನ ತಕರಾರಿಲ್ಲ.