ಇಟಲಿ ನೋಡಿದ್ದು ಕಾಫಿ, ನಾನಲ್ಲ

ಆಮದು-ರಫ್ತು ಕೆಲಸ ಅಂದರೆ ದೇಶ ಸುತ್ತುವುದು, ಕೈತುಂಬ ಸಂಬಳ ಅಂತ ಲೇಖನದಲ್ಲಿ ಬರೆದಿದ್ದೀರಿ. ಓದಿ ನಗು ಬಂತು. ಮಂಗಳೂರಿನ ಕಾಫಿ ರಫ್ತು ಕಂಪನಿಯೊಂದರಲ್ಲಿ 9 ವರ್ಷದಿಂದ ಇದ್ದೇನೆ. ನಾನು ಕಳಿಸಿದ ಕಾಫಿ ಇಟಲಿ ಸೇರಿದೆ, ನಾನು ಪಣಂಬೂರು ಬಂದರಿನ ಗೇಟಿನಿಂದ ಆಚೆ ಹೋಗಿಲ್ಲ.

20 ಅಡಿ ಕಂಟೇನರ್‌ಗೆ 60 ಕೆಜಿಯ 320 ಚೀಲ ಹಾಕುತ್ತೇವೆ, ಒಟ್ಟು 19.2 ಟನ್. ತುಂಬುವುದು ಅರ್ಧ ದಿನದ ಕೆಲಸ. ತಲೆ ತಿನ್ನುವುದು ಕಾಗದ. ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್, ಮಾಲು ಪಡೆದೆವು ಅಂತ ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್, ಮಾಲಿನಲ್ಲಿ ಕೀಟ-ರೋಗ ಇಲ್ಲ ಅನ್ನುವ ಫೈಟೋಸ್ಯಾನಿಟರಿ ಸರ್ಟಿಫಿಕೇಟ್, ಒಂದಾ ಎರಡಾ! ಒಮ್ಮೆ ಎಲ್‌ಸಿಯಲ್ಲಿ, ಅಂದರೆ ಕಾಗದ ಸರಿಯಿದ್ದರೆ ಹಣ ಕೊಡುತ್ತೇವೆ ಅಂತ ಖರೀದಿದಾರರ ಬ್ಯಾಂಕ್ ಬರೆದುಕೊಡುವ ಪತ್ರದಲ್ಲಿ, ಕಾಫಿಯ ದರ್ಜೆ 'ರೊಬಸ್ಟಾ ಚೆರಿ ಎಬಿ' ಅಂತಿತ್ತು. ನಾನು ಇನ್‌ವಾಯ್ಸ್‌ನಲ್ಲಿ 'ಚೆರಿ' ಬಿಟ್ಟುಬಿಟ್ಟೆ. ಬ್ಯಾಂಕ್ ತಪ್ಪು ಹಿಡಿಯಿತು. ಮಾಲು ಆಗಲೇ ಸಮುದ್ರದಲ್ಲಿ, ದುಡ್ಡು ಮಾತ್ರ ಬರಲಿಲ್ಲ. ಬ್ಯಾಂಕಿನವರು ಬೀಜ ಮುಟ್ಟಿ ನೋಡುವುದಿಲ್ಲ, ಅವರಿಗೆ ಕಾಗದವೇ ಕಾಫಿ. ಕೊನೆಗೆ ಖರೀದಿದಾರರು ಒಪ್ಪಿದ ಮೇಲೆ, ಮೂರು ವಾರ ತಡವಾಗಿ ಹಣ ಬಂತು. ಆ ಮೂರು ವಾರ ನಾನು ಬಾಸ್ ಮುಖ ನೋಡಲಿಲ್ಲ ಬಿಡಿ.

2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಯ ಗಲಾಟೆ ಶುರುವಾದಾಗ ಹಡಗುಗಳು ಆಫ್ರಿಕಾ ಸುತ್ತಿ ಹೋದವು. ಬಾಡಿಗೆ ಏರಿತು, ಬೈಗುಳ ನಮಗೆ.

ಹೊಸಬರು ಸುಮ್ನೆ ಕೋರ್ಸ್‌ಗೆ ದುಡ್ಡು ಸುರಿಯುವ ಮೊದಲು ಇನ್‌ಕೋಟರ್ಮ್ಸ್ (ಖರ್ಚು, ರಿಸ್ಕ್ ಮಾರುವವನದೋ ಕೊಳ್ಳುವವನದೋ ಅಂತ ಹೇಳುವ ಅಂತರರಾಷ್ಟ್ರೀಯ ವ್ಯಾಪಾರ ನಿಯಮಗಳು) ಸರಿಯಾಗಿ ಓದಿ. ಅದರಲ್ಲಿ ಒಂದಾದ ಸಿಐಎಫ್‌ನಲ್ಲಿ (ಮಾಲಿನ ಬೆಲೆ, ವಿಮೆ, ಹಡಗು ಬಾಡಿಗೆ ಸೇರಿದ ದರ) ಬಾಡಿಗೆ, ವಿಮೆ ಕಟ್ಟುವುದು ಮಾರುವವನು. ಆದರೂ ಮಾಲು ಹಡಗು ಹತ್ತಿದ ಕೂಡಲೇ ರಿಸ್ಕ್ ಕೊಳ್ಳುವವನದು. ಸಂದರ್ಶನದಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ.