ಮನಸ್ಸಿನ ಚಿಕಿತ್ಸೆಯನ್ನು ಎಐ ಕೈಗೆ ಕೊಡಬಹುದಾ? ಪರ-ವಿರೋಧ

2025ರ ಆಗಸ್ಟ್‌ನಲ್ಲಿ ಅಮೆರಿಕದ ಇಲಿನಾಯ್ ರಾಜ್ಯ ಒಂದು ಕಾನೂನು ತಂದಿತು. ಮಾನಸಿಕ ಚಿಕಿತ್ಸೆ ಲೈಸೆನ್ಸ್ ಇರುವ ಮನುಷ್ಯರ ಕೆಲಸ, ಎಐ ನೇರವಾಗಿ ರೋಗಿಯ ಜೊತೆ ಚಿಕಿತ್ಸೆಯ ಮಾತುಕತೆ ನಡೆಸುವಂತಿಲ್ಲ. ಅಪಾಯಿಂಟ್‌ಮೆಂಟ್, ಬಿಲ್ಲು, ಟಿಪ್ಪಣಿಯಂಥ ಕೆಲಸಕ್ಕೆ ಬಳಸಬಹುದು. ಮೀರಿದರೆ ಪ್ರತಿ ತಪ್ಪಿಗೂ 10,000 ಡಾಲರ್‌ವರೆಗೆ ದಂಡ. ಇಂಥದ್ದೇ ಕಾನೂನು ನಮ್ಮ ದೇಶಕ್ಕೂ ಬೇಕಾ?

ಪರ: ಬೇಕು, ಹೊಣೆ ಹೊರುವವರು ಇರಲೇಬೇಕು

ಊಟ ಬಿಟ್ಟು, ತೂಕದ ಚಿಂತೆಯಲ್ಲೇ ಸೊರಗುವ ಕಾಯಿಲೆ ಇರುವವರಿಗೆ ನೆರವಾಗಲು ಅಮೆರಿಕದಲ್ಲಿ ನ್ಯಾಷನಲ್ ಈಟಿಂಗ್ ಡಿಸಾರ್ಡರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆ ಇದೆ. 2023ರಲ್ಲಿ ಅದು ತನ್ನ ಸಹಾಯವಾಣಿ ಮುಚ್ಚಲು ಹೊರಟಿತು. ಜನರಿಗೆ ಉಳಿದದ್ದು ಟೆಸ್ಸಾ ಎಂಬ ಚಾಟ್‌ಬಾಟ್. ಅದು ಏನು ಹೇಳಿತು ಗೊತ್ತಾ? ಕ್ಯಾಲೊರಿ ಲೆಕ್ಕ ಹಾಕಿ, ತೂಕ ಇಳಿಸಿ ಅಂತ. ಯಾವ ಮಾತಿನಿಂದ ಆ ಕಾಯಿಲೆ ಜಾಸ್ತಿ ಆಗುತ್ತದೋ ಅದೇ ಮಾತು! ಮೊದಲು ಟೆಸ್ಸಾ ತಜ್ಞರು ಬರೆದುಕೊಟ್ಟ ಉತ್ತರಗಳನ್ನಷ್ಟೇ ಹೇಳುತ್ತಿತ್ತು. ಆಮೇಲೆ ಅದನ್ನು ನಡೆಸುತ್ತಿದ್ದ ಕಂಪನಿ, ತಾನೇ ಮಾತು ಹೆಣೆಯುವ ಎಐಯನ್ನು ಅದರೊಳಗೆ ಸೇರಿಸಿತ್ತು. ವಿಷಯ ಹೊರಬಿದ್ದ ಮೇಲೆ ಟೆಸ್ಸಾವನ್ನು ತೆಗೆದರು. ಅಷ್ಟರಲ್ಲಿ ಆ ಸಲಹೆ ಯಾರ್ಯಾರ ಮನಸ್ಸಿಗೆ ಇಳಿದಿತ್ತೋ.

ಇದು ಬರೀ ಒಂದು ಸಂಸ್ಥೆಯ ಅಚಾತುರ್ಯ ಅಲ್ಲ. ಚಾಟ್‌ಬಾಟ್‌ಗಳನ್ನು ತಯಾರಿಸುವಾಗ ಬಳಸುವವರ ಮೆಚ್ಚುಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ಎಲ್ಲದಕ್ಕೂ ಹೌದು ಹೌದು ಎನ್ನುವ ಗುಣ ಅವಕ್ಕೆ ಸುಲಭವಾಗಿ ಅಂಟುತ್ತದೆ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಕಂಪನಿ ಚಾಟ್‌ಜಿಪಿಟಿಯ ಒಂದು ಹೊಸ ಆವೃತ್ತಿಯನ್ನು ಇದೇ ಕಾರಣಕ್ಕೆ ವಾಪಸ್ ತೆಗೆದುಕೊಂಡಿತು. ಒಳ್ಳೆಯ ಮನೋವೈದ್ಯರು ಎಷ್ಟೋ ಸಲ ನಾವು ಕೇಳಬಯಸದ ಮಾತನ್ನೇ ಹೇಳುತ್ತಾರೆ. 'ಎಲ್ಲರೂ ನನ್ನ ವಿರುದ್ಧ ಸಂಚು ಮಾಡ್ತಿದ್ದಾರೆ' ಎನ್ನುವವನಿಗೆ ಹೌದು ಎನ್ನುವ ಗೆಳೆಯ ಬೇಕಿಲ್ಲ. ಅದು ಕಾಯಿಲೆ ಎಂದು ಗುರುತಿಸುವ ಕಣ್ಣು ಬೇಕು.

ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗುಟ್ಟನ್ನು ಕಾಪಾಡುವ ಹೊಣೆಯನ್ನು ಆರೋಗ್ಯ ವೃತ್ತಿಯವರ ಮೇಲೆ ಹಾಕಿದೆ. ಡಾಕ್ಟರ್ ತಪ್ಪು ಮಾಡಿದರೆ ಮೆಡಿಕಲ್ ಕೌನ್ಸಿಲ್‌ಗೆ ದೂರು ಕೊಡಬಹುದು. ಆ್ಯಪ್ ತಪ್ಪು ಮಾಡಿದರೆ ಯಾವ ಕೌನ್ಸಿಲ್‌ಗೆ ಹೋಗೋಣ?

'ಡಾಕ್ಟರ್ ಸಿಗದ ಕಡೆ ಇದಾದರೂ ಇರಲಿ' ಎಂಬ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ದುಡ್ಡಿದ್ದವರಿಗೆ ಡಾಕ್ಟರ್, ಇಲ್ಲದವರಿಗೆ ಚಾಟ್‌ಬಾಟ್ ಎಂಬ ಏರ್ಪಾಡನ್ನು ಒಪ್ಪಿಕೊಂಡುಬಿಟ್ಟರೆ, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬೇಕು ಅಂತ ಕೇಳುವ ದನಿಯೇ ಅಡಗುತ್ತದೆ.

ವಿರೋಧ: ನಿಷೇಧ ಬೇಡ, ಪರೀಕ್ಷೆ ಇರಲಿ

ಇಲಿನಾಯ್ ಕಾನೂನು ಬಂದ ಮೇಲೆ ನಡೆದದ್ದನ್ನು ನೋಡಿ. ಮಾನಸಿಕ ನೆರವಿಗೆಂದೇ ಮಾಡಿದ ಆಶ್ ಎಂಬ ಆ್ಯಪ್ ಆ ರಾಜ್ಯದವರಿಗೆ ಬಾಗಿಲು ಹಾಕಿತು. ಚಾಟ್‌ಜಿಪಿಟಿ ಮಾತ್ರ ಎಂದಿನಂತೆ ನಡೆಯುತ್ತಿದೆ. ಯಾಕೆಂದರೆ ಅದು ತನ್ನನ್ನು ಚಿಕಿತ್ಸೆ ಎಂದು ಕರೆದುಕೊಳ್ಳುವುದಿಲ್ಲ. ಆದರೆ ಜನ ತಮ್ಮ ನೋವನ್ನು ಹೇಳಿಕೊಳ್ಳುತ್ತಿರುವುದು ಎಲ್ಲಿ? 2025ರ ಅಕ್ಟೋಬರ್‌ನಲ್ಲಿ ಓಪನ್‌ಎಐ ತಾನೇ ಹೇಳಿತು: ವಾರಕ್ಕೊಮ್ಮೆಯಾದರೂ ಬಳಸುವವರಲ್ಲಿ ಶೇ 0.15ರಷ್ಟು ಜನರ ಮಾತಿನಲ್ಲಿ ಆತ್ಮಹತ್ಯೆಯ ಯೋಜನೆ ಅಥವಾ ಉದ್ದೇಶದ ಸ್ಪಷ್ಟ ಸುಳಿವು ಇರುತ್ತದೆ. ಆಗ ಅದನ್ನು ವಾರಕ್ಕೆ 80 ಕೋಟಿ ಜನ ಬಳಸುತ್ತಿದ್ದರು. ಅಂದರೆ ಹತ್ತು ಲಕ್ಷಕ್ಕೂ ಜಾಸ್ತಿ ಜನ. ಇವರೆಲ್ಲ ಈ ನಿಷೇಧದ ಆಚೆಗೇ ಉಳಿಯುತ್ತಾರೆ. ಎಚ್ಚರಿಕೆಯಿಂದ ಕಟ್ಟಿದ ಸಾಧನಕ್ಕೆ ಬೀಗ ಹಾಕಿ, ಈ ಕೆಲಸಕ್ಕೆಂದು ಮಾಡದೇ ಇರುವುದನ್ನು ಬಿಟ್ಟರೆ ರೋಗಿಗೆ ಯಾವ ರಕ್ಷಣೆ ಸಿಕ್ಕಿತು?

ಸರಿಯಾಗಿ ಕಟ್ಟಿದರೆ ಉಪಯೋಗ ಇದೆ. ಅಮೆರಿಕದ ಡಾರ್ಟ್‌ಮತ್ ವಿಶ್ವವಿದ್ಯಾಲಯದವರು ಚಿಕಿತ್ಸೆಗೆಂದೇ ಕಟ್ಟಿದ ಥೆರಾಬಾಟ್ ಎಂಬ ಚಾಟ್‌ಬಾಟ್‌ನ ಪ್ರಯೋಗದ ಫಲಿತಾಂಶ 2025ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಅದನ್ನು ಬಳಸಿದವರಲ್ಲಿ ಖಿನ್ನತೆಯ ಲಕ್ಷಣಗಳು ಸರಾಸರಿ ಶೇ 51ರಷ್ಟು ಇಳಿದಿದ್ದವು. ಆ ಮಾತುಕತೆಗಳ ಮೇಲೆ ಸಂಶೋಧಕರು ಕಣ್ಣಿಟ್ಟಿದ್ದರು. ನಿಯಮ ಮಾಡುವವರು ಗಮನಿಸಬೇಕಾದದ್ದು ಅದನ್ನೇ. ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ವೈಸಾ ಆ್ಯಪ್‌ಗೂ 2022ರಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 'ಬ್ರೇಕ್‌ಥ್ರೂ ಡಿವೈಸ್' ಎಂಬ ಮಾನ್ಯತೆ ಕೊಟ್ಟಿತು. ಅದು ಪೂರ್ತಿ ಒಪ್ಪಿಗೆಯಲ್ಲ, ನಿಜ. ಆದರೂ ಪರೀಕ್ಷೆಯ ದಾರಿ ಇದೆ ಎಂದಂತೂ ಆಯಿತು.

ಇನ್ನು ನಮ್ಮ ಪರಿಸ್ಥಿತಿ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಡಾಕ್ಟರ್ ಕೊರತೆ ಒಂದು ಕಡೆ, 'ಜನ ಏನಂತಾರೆ' ಎಂಬ ಭಯ ಇನ್ನೊಂದು ಕಡೆ. ಮದುವೆಗೆ ಬಂದ ಹುಡುಗಿ ಮನೋವೈದ್ಯರ ಹತ್ತಿರ ಹೋದಳು ಅಂದರೆ ಊರೆಲ್ಲ ಸುದ್ದಿ. ಆ ಹುಡುಗಿ ರಾತ್ರಿ ಫೋನಿನಲ್ಲಿ ಮೊದಲ ಸಲ ತನ್ನ ಕಷ್ಟ ಬರೆಯುತ್ತಾಳೆ ಅಂದರೆ, ಅದನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲ.

ಹಾಗಂತ ಸುಮ್ನೆ ಬಿಡಿ ಎನ್ನುತ್ತಿಲ್ಲ. 'ನಾನು ಮನುಷ್ಯ ಅಲ್ಲ' ಎಂದು ಚಾಟ್‌ಬಾಟ್ ಮೊದಲೇ ಹೇಳಲಿ. ಅಮೆರಿಕದ ಯೂಟಾ ರಾಜ್ಯದ 2025ರ ಕಾನೂನಿನಲ್ಲಿ ಇದು ಕಡ್ಡಾಯ. ಚಿಕಿತ್ಸೆ ಎಂದು ಹೇಳಿಕೊಳ್ಳುವ ಆ್ಯಪ್, ಔಷಧಿಯಂತೆ ಪ್ರಯೋಗದಲ್ಲಿ ಗೆದ್ದು ಬರಲಿ. ಕನ್ನಡದಲ್ಲೂ ಪರೀಕ್ಷೆ ಆಗಲಿ. ನಮ್ಮಲ್ಲಿ ಎಷ್ಟೋ ಜನ ಖಿನ್ನತೆ ಅಂತ ಹೇಳುವುದಿಲ್ಲ; 'ತಲೆ ಭಾರ, ಎದೆ ಡವಡವ, ಯಾವುದರಲ್ಲೂ ಮನಸ್ಸಿಲ್ಲ' ಅನ್ನುತ್ತಾರೆ. ಜೀವಕ್ಕೆ ಅಪಾಯದ ಸುಳಿವು ಸಿಕ್ಕಿದ ಕೂಡಲೇ ಚಾಟ್‌ಬಾಟ್ ಮಾತು ನಿಲ್ಲಿಸಿ, 2022ರಿಂದ ನಡೆಯುತ್ತಿರುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ, ಅಂದರೆ 14416ಕ್ಕೆ ಸಂಪರ್ಕ ಕೊಡಲಿ. ಅಲ್ಲಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಈ ಕೊನೆಯ ನಿಯಮ ಚಿಕಿತ್ಸೆಯ ಆ್ಯಪ್‌ಗಳಿಗಷ್ಟೇ ಅಲ್ಲ, ಕೋಟಿಗಟ್ಟಲೆ ಜನ ಬಳಸುವ ಎಲ್ಲ ಚಾಟ್‌ಬಾಟ್‌ಗಳಿಗೂ ಅನ್ವಯವಾಗಬೇಕು.