ಸಿಕ್ಕಿಕೊಂಡ ತೋಟೆ, ಊರಿನ ಮಾವ

ಪೆರ್ಲ, ಬದಿಯಡ್ಕ, ನೀರ್ಚಾಲು ಕಡೆಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಭಾವಂದಿರಲ್ಲಿ ಎರಡು ಜಾತಿ. ಹಿತ್ತಿಲಲ್ಲಿ ಬಸಳೆ ಚಪ್ಪರ ಹಾಕುವವರು, ಗ್ಯಾರೇಜಿನಲ್ಲಿ ಕೂತು, ಹಾರಿಸಿ ಖಾಲಿಯಾದ ಪಿತ್ತಳೆ ಕೋಶಕ್ಕೆ ಹೊಸ ಕೇಪು (ಕಿಡಿ ಕೊಡುವ ಬುಡದ ಬಿಲ್ಲೆ), ಮದ್ದು, ಗುಂಡು ತುಂಬಿ ಪಿಸ್ತೂಲಿಗೆ ತೋಟೆ ಮಾಡುವವರು. ಬಸಳೆಯವರ ಕಷ್ಟ ಚಳಿ ಬಿದ್ದ ಕೂಡಲೇ ಮುಗಿಯುತ್ತದೆ. ತೋಟೆಯವರದು ವರ್ಷವಿಡೀ. ಅವರ ಫೋನು ಬರುವುದು ಊರಿನ ಮಾವನಿಗೆ, ಯಾಕೆಂದರೆ ಹಂದಿ ಓಡಿಸಲೆಂದು ಮಾವನ ಬಳಿ ಲೈಸನ್ಸಿನ ಕೋವಿಯೊಂದಿದೆ. ಆ ಕೋವಿ ಈಡು ಹಾರಿಸಿದ್ದಕ್ಕಿಂತ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಕೂತದ್ದೇ ಹೆಚ್ಚು. ಅದರಲ್ಲಿ ತೋಟೆ ಸಿಕ್ಕಿಕೊಳ್ಳುವ ಮಾತೂ ಇಲ್ಲ: ನಳಿಗೆ ಮಡಚು, ಬೆರಳಲ್ಲಿ ತೂರು, ಮುಚ್ಚು.

ನಮ್ಮಲ್ಲಿ 1959ರ ಆಯುಧ ಕಾಯ್ದೆ ಇದೆ. ಲೈಸನ್ಸಿಲ್ಲದೆ ಮನೆಯಲ್ಲಿ ತೋಟೆ ತಯಾರಿಸುವ ಯೋಚನೆಯೇ ಬೇಡ. ಅಲ್ಲಿ ಅದು ಕಾನೂನೊಪ್ಪಿದ ಹವ್ಯಾಸ. ಹಾಗಾಗಿ ಇದು ಭಾವಂದಿರ ಪಾಲಿನ ಮಾತು.

ಫೋನಿನ ಮೊದಲ ವಾಕ್ಯ ಯಾವಾಗಲೂ ಒಂದೇ: "ನಾನು ಮಾಡಿದ ತೋಟೆ ಸಿಕ್ಕಿಕೊಳ್ಳುತ್ತಿದೆ, ಪಿಸ್ತೂಲು ಸರಿಯಿಲ್ಲ." ಕುಣಿಯಲಾರದವನಿಗೆ ನೆಲ ಡೊಂಕು. ಕಾರ್ಖಾನೆಯ ತೋಟೆಯ ಒಂದು ಡಬ್ಬಿ ತಂದು ಅದೇ ಪಿಸ್ತೂಲಲ್ಲಿ, ತೋಟೆ ಜೋಡಿಸಿ ಹಿಡಿಗೆ ತೂರಿಸುವ ಅದೇ ಮ್ಯಾಗಜಿನ್‌ಗಳಲ್ಲಿ ಹಾರಿಸಿ ನೋಡಿ. ಅದು ಸರಾಗ ಹೋದರೆ ಪಿಸ್ತೂಲು ನಿರಪರಾಧಿ. ಇಷ್ಟು ಸುಲಭದ ಪರೀಕ್ಷೆಯನ್ನು ಎಲ್ಲರೂ ಕೊನೆಗೆ ಮಾಡುತ್ತಾರೆ, ಅದೂ ಹೊಸ ಸ್ಪ್ರಿಂಗು ತರಿಸಿದ ಮೇಲೆ.

ಮ್ಯಾಗಜಿನ್‌ಗಳ ಅಡಿಗೆ 1, 2, 3 ಎಂದು ಪೈಂಟಿನಲ್ಲಿ ಬರೆದಿಡಿ. ತಕರಾರು ಬರೀ 2ರದ್ದಾದರೆ ತೋಟೆಯನ್ನು ಬಯ್ಯುವುದು ಅನ್ಯಾಯ. ಆ ಮ್ಯಾಗಜಿನ್ನಿನ ಬಾಯಿಯ ತುಟಿ ಬಾಗಿರಬಹುದು, ಸ್ಪ್ರಿಂಗು ಸೋತಿರಬಹುದು.

ಈಗ ನಿಜವಾದ ಕೆಲಸ. ಪಿಸ್ತೂಲು ಖಾಲಿ ಎಂದು ಕಣ್ಣಿಂದಲೂ ಬೆರಳಿಂದಲೂ ಖಚಿತಪಡಿಸಿಕೊಂಡು ನಳಿಗೆಯನ್ನು ಬಿಚ್ಚಿ ಹೊರಗೆ ತೆಗೆಯಿರಿ. ಮದ್ದೂ ಕೇಪೂ ಇಲ್ಲದ ಒಂದೆರಡು ಪೊಳ್ಳು ತೋಟೆಗಳನ್ನು ನಿಮ್ಮ ಮಾಮೂಲು ಡೈ (ತೋಟೆಗೆ ರೂಪ ಕೊಡುವ ಉಕ್ಕಿನ ಸಾಧನ) ಹೊಂದಿಕೆಯಲ್ಲೇ ಮಾಡಿಕೊಳ್ಳಿ. ನಳಿಗೆಯನ್ನು ಚೇಂಬರು, ಅಂದರೆ ತೋಟೆ ಕೂರುವ ಹಿಂಬದಿಯ ಗೂಡು, ಮೇಲಾಗಿ ಹಿಡಿದು ತೋಟೆಯನ್ನು ಬಿಡಿ. "ಟಣ್" ಎಂದು ಕೂರಬೇಕು, ಬೆರಳಲ್ಲಿ ತಿರುಗಿಸಿದರೆ ತಿರುಗಬೇಕು, ನಳಿಗೆ ಮಗುಚಿದರೆ ತನ್ನ ಭಾರಕ್ಕೇ ಬೀಳಬೇಕು. ಒತ್ತಿದರೆ ಹೋಗುತ್ತದೆ ಎನ್ನುವುದು ಉತ್ತರವಲ್ಲ. ಒತ್ತಿದರೆ ಕೆ.ಎಸ್.ಆರ್.ಟಿ.ಸಿ. ಬಸ್ಸಿಗೂ ಇನ್ನಿಬ್ಬರು ಹೋಗುತ್ತಾರೆ.

ಹೋಗದಿದ್ದರೆ ಮಾರ್ಕರ್ ಪೆನ್ನಿನಿಂದ ತೋಟೆಯನ್ನು ಪೂರ್ತಿ ಕಪ್ಪು ಮಾಡಿ, ಮತ್ತೆ ತೂರಿ, ಸ್ವಲ್ಪ ತಿರುಗಿಸಿ ತೆಗೆಯಿರಿ. ಮಸಿ ಎಲ್ಲಿ ಉಜ್ಜಿದೆಯೋ ಕಳ್ಳ ಅಲ್ಲಿದ್ದಾನೆ. ಗುಂಡಿನ ಭುಜದ ಮೇಲೆ ಉಜ್ಜಿದ್ದರೆ ತೋಟೆ ಉದ್ದವಾಗಿದೆ, ಗುಂಡು ನಳಿಗೆಯೊಳಗಿನ ಸುರುಳಿ ಗೀರಿಗೆ ತಾಗುತ್ತಿದೆ. ಭಾವಂದಿರು ತುಂಬುವ 9 ಎಂಎಂ ಲೂಗರ್ ಎಂಬ ಪಿಸ್ತೂಲು ತೋಟೆಯ ಗರಿಷ್ಠ ಉದ್ದ 1.169 ಇಂಚು, ಅಂದರೆ 29.69 ಮಿ.ಮೀ. ಆದರೆ ಅದು ಮ್ಯಾಗಜಿನ್ನಿಗೆ ಹಿಡಿಸುವ ಲೆಕ್ಕ. ಮೂತಿ ದಪ್ಪಗಿರುವ ಗುಂಡಿಗೆ ಅಷ್ಟು ಉದ್ದ ಅನೇಕ ನಳಿಗೆಗಳಲ್ಲಿ ನಡೆಯುವುದಿಲ್ಲ. ಜೆಕ್ ಕಂಪನಿ ಸಿಝಡ್‌ನ ಪಿಸ್ತೂಲುಗಳ ನಳಿಗೆಯಂತೂ ಈ ವಿಷಯದಲ್ಲಿ ಬಹಳ ಮಡಿ. ಗುಂಡನ್ನು ಇನ್ನಷ್ಟು ಒಳಗೆ ಕೂರಿಸಿದರೆ ಸಿಕ್ಕು ಬಿಡುತ್ತದೆ, ಆದರೆ ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಮೊದಲೇ ಪುಟ್ಟ ತೋಟೆ. ಇಂಚಿನ ನೂರು ಭಾಗದಲ್ಲಿ ಕೆಲವು ಭಾಗವೂ ಇಲ್ಲಿ ಸಣ್ಣದಲ್ಲ. ಉದ್ದ ಇಳಿಸಿದರೆ ಮದ್ದನ್ನೂ ಇಳಿಸಿ ತೋಟೆ ತುಂಬುವ ಕೈಪಿಡಿಯ ಆರಂಭದ ಅಳತೆಯಿಂದ ಮತ್ತೆ ಶುರುಮಾಡಬೇಕು.

ಮಸಿ ಪಿತ್ತಳೆಯ ಬಾಯಂಚಿನಲ್ಲಿ ಉಜ್ಜಿದ್ದರೆ ಕ್ರಿಂಪ್ ಸಾಲದು. ಗುಂಡು ಕೂರಿಸಲೆಂದು ಅರಳಿಸಿದ ಬಾಯನ್ನು ಮತ್ತೆ ನೆಟ್ಟಗೆ ಮಾಡುವುದಷ್ಟೇ ಇಲ್ಲಿ ಕ್ರಿಂಪಿನ ಕೆಲಸ. ಅಂಚಿನಲ್ಲಿ ವರ್ನಿಯರ್ ಇಟ್ಟು ದಪ್ಪ ಅಳೆದರೆ 0.380 ಇಂಚು ಮೀರಬಾರದು, 0.377ರಿಂದ 0.379ರೊಳಗಿದ್ದರೆ ಚಂದ. ಭಾವಂದಿರಿಗೆ ಈ ಮಾತು ಹೇಳಿದ ಕೂಡಲೇ ಡೈಯನ್ನು ಮುಕ್ಕಾಲು ಸುತ್ತು ಇಳಿಸಿ ಬಾಯನ್ನು ಹಿಂಡಿಬಿಡುತ್ತಾರೆ. ಹಿಂಡಿದರೆ ಸೀಸ ತಗ್ಗಿ ಹಾಗೇ ಉಳಿಯುತ್ತದೆ, ಪಿತ್ತಳೆ ತುಸು ಹಿಂದಕ್ಕೆ ಚಿಮ್ಮುತ್ತದೆ. ಗುಂಡಿನ ಮೇಲಿನ ಹಿಡಿತವೇ ಸಡಿಲ. ಸಾಲದ್ದಕ್ಕೆ 9 ಎಂಎಂ ತೋಟೆ ಚೇಂಬರಿನಲ್ಲಿ ನಿಲ್ಲುವುದೇ ಈ ಬಾಯಂಚಿನ ಆಧಾರದಲ್ಲಿ. ಅಂಚನ್ನು ಒಳಕ್ಕೆ ಮಡಚಿದರೆ ತೋಟೆ ಬೇಕಾದ್ದಕ್ಕಿಂತ ಆಳಕ್ಕೆ ಇಳಿಯುತ್ತದೆ.

ಬುಡದ ಹತ್ತಿರ ಉಜ್ಜಿದ್ದರೆ ಕೋಶವನ್ನು ಮೊದಲಿನ ಅಳತೆಗೆ ತರುವ ಸೈಜಿಂಗ್ ಡೈ ಪೂರ್ತಿ ಕೆಳಗೆ ಬಂದಿಲ್ಲ, ಪಿತ್ತಳೆಯ ಹಳೆಯ ಉಬ್ಬು ಹಾಗೇ ಇದೆ. ಇನ್ನೊಂದು, ರೇಂಜಿನಲ್ಲಿ ಹೆಕ್ಕಿ ತಂದ ಪಿತ್ತಳೆಯ ರಾಶಿಯಲ್ಲಿ .380 ಎಸಿಪಿ ಎಂಬ ಇನ್ನೊಂದು ಪಿಸ್ತೂಲು ತೋಟೆಯ ಕೋಶಗಳು ನುಸುಳಿರುತ್ತವೆ. 9 ಎಂಎಂ ಕೋಶದ ಉದ್ದ 19.15 ಮಿ.ಮೀ., ಅದರದು 17.3. ಬುಡದ ಅಚ್ಚು ಓದದೆ ಬಕೆಟ್ಟಿನಿಂದ ಸುರಿಯುವವರಿಗೆ ದೇವರೇ ಗತಿ.

ಹಿಡಿತ ಸರಿಯಿದೆಯೇ ಎಂದು ನೋಡಲು ಪೊಳ್ಳು ತೋಟೆಯ ಉದ್ದ ಅಳೆದು, ಗುಂಡಿನ ಮೂತಿಯನ್ನು ಮೇಜಿನ ಅಂಚಿಗೆ ಹೆಬ್ಬೆರಳ ಬಲದಿಂದ ಒತ್ತಿ, ಮತ್ತೆ ಅಳೆಯಿರಿ. ಗುಂಡು ಒಳಕ್ಕೆ ಸರಿದಿದ್ದರೆ ಬಾಯರಳಿಸುವ ಡೈ ಅತಿಯಾಗಿ ಅರಳಿಸಿರಬಹುದು, ಇಲ್ಲವೇ ಮೇಲೆ ಹೇಳಿದಂತೆ ಕ್ರಿಂಪ್ ಹಿಂಡಿರಬಹುದು. ಇಂಥ ತೋಟೆ ಮ್ಯಾಗಜಿನ್ನಿನಿಂದ ಏರುವಾಗ, ಚೇಂಬರಿಗೆ ದಾರಿ ತೋರುವ ಇಳಿಜಾರಾದ ರ್‍ಯಾಂಪಿಗೆ ಢಿಕ್ಕಿ ಹೊಡೆದು ಇನ್ನೂ ಗಿಡ್ಡವಾಗುತ್ತದೆ. ಒತ್ತಡದ ಕತೆ ಮೇಲೆ ಹೇಳಿದ್ದೇ.

ಮದ್ದು ತೀರ ಕಡಿಮೆಯಾದರೆ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ, ಪೂರ್ತಿ ಹಿಂದೆ ಹೋಗುವುದಿಲ್ಲ. ಖಾಲಿ ಕೋಶ ದೂರ ಹಾರದೆ ಕಾಲಬುಡದಲ್ಲಿ ಬೀಳುತ್ತದೆ, ಇಲ್ಲವೇ ಸ್ಲೈಡಿನ ಬಾಯಲ್ಲಿ ನೆಟ್ಟಗೆ ನಿಂತು ನಿಮ್ಮನ್ನೇ ನೋಡುತ್ತದೆ. ಮಣಿಕಟ್ಟು ಸಡಿಲ ಬಿಟ್ಟರೂ ಇದೇ ಗತಿ, ಹಾಗಾಗಿ ಬೇರೊಬ್ಬರ ಕೈಯಲ್ಲೂ ಹಾರಿಸಿ ನೋಡುವುದು ಒಳ್ಳೆಯದು.

ತಮಾಷೆಗೆ ಎಡೆಯಿಲ್ಲದ ಸಂಗತಿ ಒಂದಿದೆ. "ಢಂ" ಎನ್ನಬೇಕಾದಲ್ಲಿ "ಠಪ್" ಎಂದರೆ ನಿಲ್ಲಿಸಿ. ಸ್ಲೈಡ್ ಎಳೆದು ಇನ್ನೊಂದು ಒತ್ತುವ ಕೈಚಳಕ ಬೇಡವೇ ಬೇಡ. ಮದ್ದು ಬೀಳದೆ ಕೇಪಿನ ಬಲವೊಂದೇ ಗುಂಡನ್ನು ನಳಿಗೆಯ ನಡುವೆ ಸಿಕ್ಕಿಸಿರಬಹುದು. ಹಿಂದಿನಿಂದ ಇನ್ನೊಂದು ಗುಂಡು ಬಂದರೆ ನಳಿಗೆ ಸೀಳಬಹುದು. ಇಳಿಸಿ, ಬಿಚ್ಚಿ, ನಳಿಗೆಯಲ್ಲಿ ಬೆಳಕು ಕಂಡ ಮೇಲೆಯೇ ಮುಂದಿನದು.

ರ್‍ಯಾಂಪನ್ನು ತಿರುಗುವ ಕಲ್ಲಿನಿಂದ ಉಜ್ಜಿ ಕನ್ನಡಿ ಮಾಡುವ ಉಮೇದು ಇದೆಯಲ್ಲ, ಅದು ಮೊದಲು ಬರುತ್ತದೆ. ಬರಬೇಕಾದ್ದು ಕೊನೆಗೆ, ಅದೂ ರಿಪೇರಿ ಬಲ್ಲವನ ಕೈಯಲ್ಲಿ. ಕೋನ ತಪ್ಪಿದರೆ ಹೊಸ ನಳಿಗೆಯೇ ಗತಿ.

ಡೈ ಹೊಂದಿಸಿದ ಮೇಲೆ ಹತ್ತು ಮಾಡಿ, ಹತ್ತನ್ನೂ ನಳಿಗೆಯಲ್ಲಿ ಬಿಟ್ಟು ನೋಡಿ, ಆಮೇಲೆ ಉಳಿದವು. ಇದನ್ನು ಕೇಳುವವರು ಕಮ್ಮಿ. ಐನೂರು ಮಾಡಿ ಮುಗಿಸಿ ಫೋನು ಮಾಡುವವರೇ ಜಾಸ್ತಿ. ಅವರಿಗಾಗಿ ಪ್ಲಾಸ್ಟಿಕ್ಕಿನ ಸುತ್ತಿಗೆಯೊಂದು ಸಿಗುತ್ತದೆ. ತಪ್ಪಿದ ತೋಟೆಯನ್ನು ಅದರ ತಲೆಯೊಳಗೆ ಸಿಕ್ಕಿಸಿ, ಕನ್ನಡಕ ಹಾಕಿಕೊಂಡು, ಗಟ್ಟಿ ಮರದ ತುಂಡಿನ ಮೇಲೆ ಕುಟ್ಟಿದರೆ ಗುಂಡು ಕಳಚಿ ಮದ್ದು ಒಳಗೇ ಉಳಿಯುತ್ತದೆ. ಒಂದಕ್ಕೆ ಮೂರು ಪೆಟ್ಟೆಂದು ಹಿಡಿದರೂ ಸಾವಿರದ ಐನೂರಾಯಿತು. ಕೆಳಗಿನ ಮನೆಯವರು ಬಾಗಿಲು ತಟ್ಟಿದರೆ ಅವಲಕ್ಕಿ ಕುಟ್ಟುತ್ತಿದ್ದೇವೆ ಎಂದುಬಿಡಿ.